ಹೊರಗೆ ಒಂದು ಹನಿಯೂ ಇಲ್ಲ

ನನ್ನ ಹಳೇ ಕಾರಿನ ಪೆಟ್ರೋಲ್ ಒತ್ತಡ ಕದಿಯುತ್ತಿದ್ದವ, ಎರಡು ತಿಂಗಳು ಹುಡುಕಿದ ಕಳ್ಳ ಕೊನೆಗೂ ಸಿಕ್ಕಿದ. ನೋಡಿದರೆ ನಾನೇ.

ಗಾಡಿ 2001ರ ಹೋಂಡಾ ಸಿಟಿ ವಿಟೆಕ್. ಇಂಜಿನ್ನಿನ 106 ಕುದುರೆಗಳಲ್ಲಿ ಎಷ್ಟು ಇನ್ನೂ ಲಾಯದಲ್ಲಿವೆಯೋ ದೇವರೇ ಬಲ್ಲ. ಕಾರವಾರದ ಉಪ್ಪು ಗಾಳಿಗೆ ಕ್ಲಿಪ್‌ಗಳೆಲ್ಲ ತುಕ್ಕು ಹಿಡಿದಿದ್ದವು. ರಬ್ಬರ್ ಪೈಪ್ ಸ್ವಲ್ಪ ಬಗ್ಗಿಸಿದರೆ ಸಾಕು, ಬಿರುಕು ಬಾಯಿ ಬಿಡುತ್ತಿತ್ತು. ಸಾಲದ್ದಕ್ಕೆ ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಮಳೆಗಾಲ ಮುಗಿದದ್ದೇ ತಡ, ಅಡಿಕೆ ಹಾಳೆ ಹಾಸಿಕೊಂಡು ಗಾಡಿಯ ಅಡಿಗೆ ಜಾರಿದೆ. (ಮೆಕ್ಯಾನಿಕ್‌ಗಳು ಮಲಗಿ ಜಾರುವ ಚಕ್ರದ ಹಲಗೆ, ಕ್ರೀಪರ್, ಯಾರಿಗೆ ಬೇಕು?) ಟ್ಯಾಂಕಿನಿಂದ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೈಲ್‌ವರೆಗೆ, ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಸೇರಿ, ಕಣ್ಣಿಗೆ ಕಂಡ ರಬ್ಬರನ್ನೆಲ್ಲ ಬದಲಿಸಿದೆ.

ಪೈಪ್ ತರುವ ಕಥೆಯೇ ಬೇರೆ. ಪೆಟ್ರೋಲ್ ಪೈಪಿಗೆ ಆರ್6, ಆರ್9 ಅಂತ ದರ್ಜೆಗಳಿವೆ. ಇಂಜೆಕ್ಷನ್ ಗಾಡಿಗೆ ಆರ್9 ಬೇಕು, 100 ಪಿಎಸ್‌ಐ ಒತ್ತಡ ತಡೆಯುವಂಥದ್ದು. ಆರ್6 ಕಾರ್ಬ್ಯುರೇಟರ್ ಗಾಡಿಗೆ, ಅದರ ಮಿತಿ 50. ನಮ್ಮ ರೈಲಿನಲ್ಲಿ ಮೂರು ಬಾರ್, ಅಂದರೆ 43 ಪಿಎಸ್‌ಐ ಆಸುಪಾಸು ಒತ್ತಡ ಇರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಹುಬ್ಬಳ್ಳಿಯ ಅಂಗಡಿಯವರು ತಣ್ಣಗೆ ಕೇಳಿದರು: "ಪೆಟ್ರೋಲ್ ಪೈಪ ಅಂದ್ರ ಪೆಟ್ರೋಲ್ ಪೈಪರಿ, ಅದ್ರಾಗೇನ್ ಆರು, ಒಂಬತ್ತು?" ಆನ್‌ಲೈನ್‌ನಲ್ಲಿ ತರಿಸಿದ್ದರ ಪೊಟ್ಟಣದ ಮೇಲೆ ಮಾತ್ರ ಆರ್9 ಅಂತ ಇತ್ತು. ಪೈಪಿನ ಮೈಮೇಲೆ ಒಂದಕ್ಷರ ಇಲ್ಲ. ವಾಪಸ್. ಮೂರನೇ ಸಲಕ್ಕೆ ಸರಿಯಾದದ್ದು ಬಂತು.

ಎಲ್ಲ ಆಯಿತು, ಎಲ್ಲೂ ಸೋರಲಿಲ್ಲ, ವಾಸನೆಯೂ ಇಲ್ಲ. ಆದರೆ ಗಾಡಿಯ ಕಾಯಿಲೆ ಇದ್ದ ಹಾಗೇ ಇತ್ತು. ಬಿಸಿ ಇಂಜಿನ್ ಸ್ಟಾರ್ಟ್ ಮಾಡಲು ಆರೇಳು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ದೇವಿಮನೆ ಘಾಟಿಯಲ್ಲಿ ಎರಡನೇ ಗೇರ್ ಎಳೆದರೆ ವಿಟೆಕ್ (ಇಂಜಿನ್ ವೇಗ ಏರಿದಾಗ ಹೆಚ್ಚು ಬಲ ಕೊಡುವ ವಾಲ್ವ್ ವ್ಯವಸ್ಥೆ) ಒದೆಯಬೇಕಾದ ಜಾಗದಲ್ಲೇ ಉಸಿರು ಕಟ್ಟುತ್ತದೆ. ಇಷ್ಟು ದಿನ ಇದನ್ನೆಲ್ಲ ಪಾಪ, ಹಳೇ ಪೈಪಿನ ತಲೆಗೆ ಕಟ್ಟಿದ್ದೆ.

ಪೆಟ್ರೋಲ್ ಒತ್ತಡ ಅಳೆಯುವ ಗೇಜ್ ಹಾಕಿದೆ. ಪಂಪ್ ಓಡಿದಾಗ ಮುಳ್ಳು ಮೂರು ಬಾರ್‌ಗೆ ಹೋಗುತ್ತದೆ. ಕೀ ಆಫ್ ಮಾಡಿದರೆ ಒಂದು ನಿಮಿಷದಲ್ಲಿ ಸೊನ್ನೆ. ರಿಟರ್ನ್ ಪೈಪ್ ಹಿಸುಕಿ ಹಿಡಿದೆ, ಆದರೂ ಇಳಿಯಿತು. ಹಾಗಾದರೆ ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಲೈನಿಗೆ ಬಿಡುವ ರೆಗ್ಯುಲೇಟರ್ ಅಲ್ಲ. ಪ್ಲಗ್‌ಗಳು ಒಣಗಿವೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿಲ್ಲ. ಟ್ಯಾಂಕಿನ ಬಾಯಲ್ಲೇ ಇಂಜಿನ್ ಕಡೆ ಹೋಗುವ ಫೀಡ್ ಲೈನ್ ಹಿಸುಕಿದೆ ನೋಡಿ, ಮುಳ್ಳು ಅಲ್ಲಾಡಲಿಲ್ಲ. ಅಂದರೆ ತೂತು ಟ್ಯಾಂಕಿನ ಕಡೆಗೇ ಇದೆ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಕೆಟ್ಟಿದೆ ಅಂತ ತೀರ್ಮಾನಿಸಿ ಹೊಸ ಪಂಪಿಗೆ ಆರ್ಡರ್ ಹಾಕುವುದೊಂದೇ ಬಾಕಿ.

ಕೋಡಿಬಾಗದ ಮೆಕ್ಯಾನಿಕ್ ಗೆಳೆಯ ತಡೆದ. "ವಾಲ್ವ್ ಹೋದ್ರೆ ನಿಂತಾಗ ಇಳೀಬೇಕು ಮಾರಾಯ. ಓಡುವಾಗ ಘಾಟಿಯಲ್ಲಿ ಯಾಕೆ ಉಸಿರು ಕಟ್ತದೆ?" ಓಡುವಾಗ ಒತ್ತಡ ಇಳಿಯುತ್ತದೆಯೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ. ಉದ್ದ ಪೈಪ್ ಹಾಕಿ ಗೇಜನ್ನು ಹೊರಗಿನಿಂದ ವಿಂಡ್‌ಶೀಲ್ಡಿಗೆ ಟೇಪ್ ಹಚ್ಚಿ ಬಿಣಗಾ ಕಡೆ ಹೊರಟೆವು. ಆಕ್ಸಿಲರೇಟರ್ ಒತ್ತಿದಾಗ ಏರಬೇಕಾದ ಮುಳ್ಳು ಎರಡರ ಹತ್ತಿರ ಕುಸಿಯಿತು. ಗೆಳೆಯ ಏನೂ ಹೇಳಲಿಲ್ಲ, ಸುಮ್ನೆ ನಕ್ಕ.

ಮರುದಿನ ಬ್ಯಾಟರಿ ಕಳಚಿ, ಟ್ಯಾಂಕಿನೊಳಗಿನ ಪಂಪ್ ಹೊರಗೆಳೆದೆ. ಪಂಪಿಗೂ ಟ್ಯಾಂಕಿನ ಮೇಲಿನ ಮುಚ್ಚಳಕ್ಕೂ ನಡುವೆ ಒಂದು ಗೇಣಿಗಿಂತ ಚಿಕ್ಕ ಪೈಪ್ ಇರುತ್ತದಲ್ಲ, ಅದು ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಲಸಿನ ಹಪ್ಪಳದಂತೆ ಮೆತ್ತಗಾಗಿತ್ತು. ಉಬ್ಬಿ ಕ್ಲಿಪ್‌ನ ಎರಡೂ ಬದಿಗೆ ಹೊರಚೆಲ್ಲಿತ್ತು. ಮುಟ್ಟಿದರೆ ಬೆರಳಿಗೆ ಕಪ್ಪು. ಬಗ್ಗಿಸಿದಾಗ ಕ್ಲಿಪ್ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಸೀಳು ಕಂಡಿತು. ಪಂಪ್ ತಳ್ಳಿದ ಪೆಟ್ರೋಲ್ ಅಲ್ಲಿಂದ ಚಿಮ್ಮಿ ಟ್ಯಾಂಕಿಗೇ ವಾಪಸ್ ಬೀಳುತ್ತಿತ್ತು. ಹೊರಗೆ ಹನಿಯಾಗಲಿ ವಾಸನೆಯಾಗಲಿ ಎಲ್ಲಿಂದ ಬರಬೇಕು?

ಪೈಪಿನ ಮೈಮೇಲೆ ಬಿಳಿ ಅಕ್ಷರ ಇನ್ನೂ ಓದಲು ಬರುತ್ತಿತ್ತು: ಆರ್9. ಮೂರು ವರ್ಷದ ಹಿಂದೆ ಪಂಪ್ ಬದಲಿಸುವಾಗ, ಗೆಳೆಯನ ಗಾಡಿಗೆ ತಂದು ಉಳಿದಿದ್ದ ತುಂಡನ್ನು "ಒಳ್ಳೇ ಪೈಪು" ಅಂತ ನಾನೇ ಹಾಕಿದ್ದು. ಆರ್9ಗೆ ಒಳಗಿನ ಪದರ ಮಾತ್ರ ಪೆಟ್ರೋಲಿಗೆ ಹೇಳಿ ಮಾಡಿಸಿದ್ದು. ಹೊರಮೈ ಗಾಳಿಯಲ್ಲಿರಬೇಕು, ಹಗಲು ರಾತ್ರಿ ಪೆಟ್ರೋಲಿನಲ್ಲಿ ಮುಳುಗಿರಬಾರದು. ಟ್ಯಾಂಕಿನೊಳಗೆ ಆರ್10 ಬೇಕು. ಅಂಗಡಿಯವರನ್ನು ಬೈದ ಬಾಯಿಗೆ ಈಗ ಕೆಲಸವಿಲ್ಲ.

ಆರ್10 ಹುಡುಕುವುದಕ್ಕೆ ಹದಿನೆಂಟು ದಿನ ಹೋಯಿತು. ಒಂದು ಅಡಿಯ ಬೆಲೆಗೆ ಇಡೀ ಮನೆಗೆ ಬಂಗುಡೆ ಊಟ ಹಾಕಿಸಬಹುದಿತ್ತು. ಅಷ್ಟು ದಿನ ಗಾಡಿ ಅಲ್ಲಾಡಲಿಲ್ಲವಾದ್ದರಿಂದ ಶಿರಸಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ಮಾವನ ಕೊಟ್ಟಿಗೆಯಲ್ಲಿ, ಅಡಿಕೆ ಚೀಲಗಳ ಹಿಂದೆ ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಟ್ಯಾಂಕಿನೊಳಗೆ ತುಕ್ಕು, ಸೀಟಿನೊಳಗೆ ಇಲಿ ಸಂಸಾರ. "ಎಂತಕ್ಕೋ ಅಪ್ಪಿ ಅದು?" ಅಂದರು ಮಾವ. 98 ಸಿಸಿ, ಒಂದೇ ಕಾರ್ಬ್ಯುರೇಟರ್, ಪಂಪೇ ಇಲ್ಲ, ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ ಅಂತ ವಿವರಿಸುವಾಗ ನನ್ನ ಕಣ್ಣು ಒದ್ದೆಯಾಗಿತ್ತೇನೋ. ಏಪ್ರಿಲ್‌ನಲ್ಲಿ ಅದು ಕಾರವಾರಕ್ಕೆ ಬರುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಆರ್10 ಹಾಕಲು ಹತ್ತು ನಿಮಿಷ ಸಾಕಾಯಿತು. ಆದರೆ ಮುಚ್ಚಳದ ರಬ್ಬರ್ ರಿಂಗ್ ಪೆಟ್ರೋಲ್ ಕುಡಿದು ಹಿಗ್ಗಿತ್ತು, ಅದರ ಕಾಲುವೆಯಲ್ಲಿ ಕೂರಲೇ ಇಲ್ಲ. ಹೊಸದು ಬರುವವರೆಗೆ ಇನ್ನೂ ನಾಲ್ಕು ದಿನ. ನಿನ್ನೆ ಸಂಜೆ ಕೀ ತಿರುಗಿಸಿ, ಆಫ್ ಮಾಡಿ, ಚಾ ಕುಡಿದು ಬಂದೆ. ಮುಳ್ಳು ಎರಡೂವರೆಯ ಮೇಲೇ ನಿಂತಿತ್ತು. ಭಾನುವಾರ ದೇವಿಮನೆ, ಎರಡನೇ ಗೇರ್.