ಕೇಳುವುದರಿಂದ ತೊಡಗುವ ವರ್ಷ

ಕಳೆದ ವರ್ಷ ನಮ್ಮ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ತರಗತಿಗಳು ತೊಡಗುವ ಮುನ್ನ ನಡೆದ ಪವಿತ್ರಾತ್ಮರ ಬಲಿಪೂಜೆಯಲ್ಲಿ (ಮಾಸ್) ನನ್ನ ಪಕ್ಕ ಕುಳಿತಿದ್ದವಳು ಮೊದಲ ವರ್ಷದ ವಿದ್ಯಾರ್ಥಿನಿ. ಕೊರಳಲ್ಲಿದ್ದ ಗುರುತಿನ ಚೀಟಿಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ಅವಳು ಇನ್ನೂ ಸುಲಿದಿರಲಿಲ್ಲ. ಎಲ್ಲರೂ ಎದ್ದು ನಿಂತಾಗ ಅರೆಕ್ಷಣ ತಡವಾಗಿ ಏಳುತ್ತಿದ್ದಳು. ಎಲ್ಲರೂ ಮೊಣಕಾಲೂರಿದಾಗ, ತಾನೂ ಊರಬೇಕೋ ಬೇಡವೋ ತಿಳಿಯದೆ ಕುರ್ಚಿಯ ಅಂಚಿಗೆ ಸರಿದು ಮುದುಡಿ ಕುಳಿತಳು. "ಕೂತೇ ಇರಮ್ಮ, ಪರವಾಗಿಲ್ಲ" ಎಂದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಬಲು ಮೆಲ್ಲನೆಯ ದನಿಯಲ್ಲಿ, "ಸರ್, ಫಾದರ್ ಇವತ್ತು ಕೆಂಪು ಬಟ್ಟೆ ಯಾಕೆ ಹಾಕಿದ್ದಾರೆ?" ಎಂದು ಕೇಳಿದಳು.

ಈಸ್ಟರಿನ ಐವತ್ತನೆಯ ದಿನವಾದ ಪಂಚಾಶತ್ತಮದಂದು ಯೇಸುವಿನ ಶಿಷ್ಯರಾದ ಪ್ರೇಷಿತರ ಮೇಲೆ ಪವಿತ್ರಾತ್ಮರು ಬೆಂಕಿಯ ನಾಲಗೆಗಳ ರೂಪದಲ್ಲಿ ಇಳಿದುಬಂದರೆಂಬ ಕಥನವನ್ನು, ಅದರ ನೆನಪಿಗಾಗಿ ಗುರುಗಳು ಬೆಂಕಿಯ ಬಣ್ಣವನ್ನು ತೊಡುತ್ತಾರೆಂಬುದನ್ನು ಎರಡೇ ಮಾತಿನಲ್ಲಿ ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಬಲಿಪೀಠದತ್ತ ನೋಡತೊಡಗಿದಳು. ನನಗೆ ಮಾತ್ರ ಆ ಪ್ರಶ್ನೆ ಬಹಳ ದಿನ ಉಳಿಯಿತು. ಆ ಪೂಜೆಯ ಉದ್ದೇಶ ಏನೋ ಅದನ್ನೇ ಅವಳು ತನಗರಿವಿಲ್ಲದೆ ಮಾಡಿದ್ದಳು.

ಕಥೋಲಿಕ ವಿಶ್ವವಿದ್ಯಾಲಯಗಳು ತಮ್ಮ ಶೈಕ್ಷಣಿಕ ವರ್ಷವನ್ನು ಪವಿತ್ರಾತ್ಮರ ಬಲಿಪೂಜೆಯಿಂದ ಆರಂಭಿಸುವುದು ಹಳೆಯ ರೂಢಿ. ಅಂದು ಬೇಡಿಕೊಳ್ಳುವುದು ಪವಿತ್ರಾತ್ಮರ ಏಳು ವರಗಳನ್ನು: ಜ್ಞಾನ, ವಿವೇಕ, ಆಲೋಚನೆ, ಧೈರ್ಯ, ತಿಳುವಳಿಕೆ, ಭಕ್ತಿ, ದೇವರ ಭಯ. ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ ಹನ್ನೊಂದನೆಯ ಅಧ್ಯಾಯದಿಂದ ಬೆಳೆದು ಬಂದ ಈ ಪಟ್ಟಿಯಲ್ಲಿ ನಾಲ್ಕು ವರಗಳು ನೇರವಾಗಿ ಅರಿವಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಅರಿವನ್ನು ಹಂಚುವುದೇ ತನ್ನ ಕಸುಬೆಂದು ಹೇಳಿಕೊಳ್ಳುವ ಸಂಸ್ಥೆಯೊಂದು ವರ್ಷದ ಮೊದಲ ದಿನ, ಕುಲಪತಿಗಳಿಂದ ಹಿಡಿದು ಹೊಸ ವಿದ್ಯಾರ್ಥಿಯವರೆಗೆ ಒಟ್ಟಿಗೆ ನಿಂತು, ನಮಗೆ ಅರಿವನ್ನು ಕೊಡು ಎಂದು ಬೇಡುತ್ತದೆ. ಶ್ರೇಯಾಂಕ, ಫಲಿತಾಂಶ, ಹೊಸ ಕಟ್ಟಡಗಳ ಮಾತು ಆಮೇಲೆ ಬರುತ್ತದೆ, ಬರಲಿ. ಮೊದಲ ಮಾತು ಬೇಡಿಕೆಯದು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಪ್ರಶ್ನಿಸು, ಬೇಡು, ಕಿವಿಗೊಡು ಎಂಬ ಮೂರೂ ಅರ್ಥಗಳಿವೆ. ವಿಶ್ವವಿದ್ಯಾಲಯದ ಬಾಳನ್ನು ಇಷ್ಟು ಚಿಕ್ಕದರಲ್ಲಿ ಹಿಡಿದಿಡುವ ಬೇರೆ ಪದ ನನಗೆ ಹೊಳೆದಿಲ್ಲ. ಬೈಬಲಿನ ಕಥನದಲ್ಲಿ, ಗಿಬಿಯೋನ್ ಎಂಬ ಊರಿನಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕೆಂದಾಗ, ಯುವರಾಜನಾಗಿದ್ದವನು ಆಗಷ್ಟೇ ಅರಸನಾದ ಸೊಲೊಮೋನನು ಆಯುಸ್ಸನ್ನಾಗಲಿ ಐಶ್ವರ್ಯವನ್ನಾಗಲಿ ಬೇಡಲಿಲ್ಲ. ಅವನು ಬೇಡಿದ್ದನ್ನು ನಮ್ಮ ಅನುವಾದಗಳು ವಿವೇಕವೆಂದು ಹೇಳಿದರೂ, ಹೀಬ್ರೂ ಮೂಲದಲ್ಲಿರುವುದು 'ಕೇಳುವ ಹೃದಯ'. ಕೇಳುವ ಹೃದಯವನ್ನು ಕೇಳಿ ಪಡೆದವನು ಅವನು.

ಹೊಸದಾಗಿ ಸೇರಿದವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ವಿಶ್ವವಿದ್ಯಾಲಯ ಎಂದಾಗ ನಮ್ಮ ಕಣ್ಣ ಮುಂದೆ ಕಟ್ಟಡಗಳು ಬರುತ್ತವೆ. 'ಯೂನಿವರ್ಸಿತಾಸ್' ಎಂಬ ಲ್ಯಾಟಿನ್ ಮಾತಿಗೆ ಮಧ್ಯಯುಗದಲ್ಲಿ ಇದ್ದ ಅರ್ಥ ಒಂದು ಕೂಟ, ಒಂದು ಸಂಘ ಎಂದಷ್ಟೇ. ಪ್ಯಾರಿಸ್ಸಿನಲ್ಲಿ ಅದು ಗುರುಗಳ ಮತ್ತು ವಿದ್ಯಾರ್ಥಿಗಳ ಕೂಟವಾಗಿತ್ತು. 1229ರಲ್ಲಿ ಅಲ್ಲಿ ನಡೆದ ಗಲಭೆಯಲ್ಲಿ ಕಾವಲುಪಡೆಯವರು ವಿದ್ಯಾರ್ಥಿಗಳನ್ನು ಕೊಂದಾಗ ಗುರುಗಳು ಪಾಠ ನಿಲ್ಲಿಸಿದರು. ಗುರುಗಳೂ ಶಿಷ್ಯರೂ ಊರು ಬಿಟ್ಟು ಚದುರಿದರು. ಸುಮಾರು ಎರಡು ವರ್ಷ ಹೀಗೇ ಕಳೆಯಿತು. ಕಡೆಗೆ 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯವರು, ವಿದ್ಯೆಗಳ ತಾಯಿ ಎಂದು ಪ್ಯಾರಿಸ್ಸನ್ನು ಕರೆದ ತಮ್ಮ ಶಾಸನದಲ್ಲಿ, ಅನ್ಯಾಯವಾದಾಗ ಪಾಠ ನಿಲ್ಲಿಸುವ ಹಕ್ಕನ್ನು ಆ ಕೂಟಕ್ಕೆ ಮಾನ್ಯ ಮಾಡಿದರು. ಕಟ್ಟಡಗಳು ಆಗಲೂ ನಿಂತಿದ್ದವು, ಜನ ಹೋದ ಮೇಲೆ ಅಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಆದ್ದರಿಂದ ನಾವು ನಿಮ್ಮನ್ನು ಸ್ವಾಗತಿಸುವುದು, ಆಗಲೇ ಸಿದ್ಧವಾಗಿರುವ ಮನೆಯೊಂದಕ್ಕೆ ಅತಿಥಿಗಳನ್ನು ಕರೆದಂತೆ ಅಲ್ಲ. ನೀವು ಬಂದು ಸೇರಿದಾಗಲೇ ಈ ವರ್ಷದ ವಿಶ್ವವಿದ್ಯಾಲಯ ಕೂಡಿಬರುತ್ತದೆ.

ಆ ಪ್ಯಾರಿಸ್ಸಿನಲ್ಲೇ ಮುಂದೆ ಪಾಠ ಹೇಳಿದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರನ್ನು 1880ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಕಥೋಲಿಕ ವಿದ್ಯಾಸಂಸ್ಥೆಗಳ ಪಾಲಕ ಸಂತರೆಂದು ಘೋಷಿಸಿದರು. ಅವರ ಬರಹದ ಕ್ರಮವನ್ನು ಒಮ್ಮೆಯಾದರೂ ನೋಡಿರಿ. ಪ್ರಶ್ನೆ ಮೊದಲು ಬರುತ್ತದೆ. ಅದರ ಬೆನ್ನಿಗೆ ಬರುವುದು ಅವರ ಉತ್ತರವಲ್ಲ, ಎದುರಾಳಿಯ ಪೂರ್ವಪಕ್ಷ. ದೇವರಿದ್ದಾನೆಯೇ ಎಂಬ ಪ್ರಶ್ನೆಗೂ ಅವರು ಮೊದಲು ಬರೆಯುವುದು ಇಲ್ಲವೆನ್ನುವವನ ವಾದವನ್ನು, ಲೋಕದಲ್ಲಿ ಇಷ್ಟೊಂದು ಕೇಡಿರುವಾಗ ಪರಿಪೂರ್ಣ ಒಳಿತಾದ ದೇವರು ಇರಲು ಹೇಗೆ ಸಾಧ್ಯ ಎಂಬ, ಇಂದಿಗೂ ಎದೆ ನಡುಗಿಸುವ ವಾದವನ್ನು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆ ಮಾತ್ರ ಅವರು ತಮ್ಮ ಮಾತನ್ನು ತೆಗೆಯುತ್ತಾರೆ.

ಇದನ್ನು ಬರೆಯುವಾಗ ನನ್ನದೊಂದು ತಪ್ಪು ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಎದ್ದು, ತಮ್ಮನನ್ನು ಕಳೆದುಕೊಂಡ ತನಗೆ ಪ್ರಾರ್ಥನೆಯಲ್ಲಿ ನಂಬಿಕೆ ಉಳಿದಿಲ್ಲವೆಂದೂ, ಇಂಥ ಸಂಸ್ಥೆಯಲ್ಲಿ ತನಗೆ ಜಾಗವಿದೆಯೇ ಎಂದೂ ಕೇಳಿದ್ದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು ಸಿದ್ಧ ಉತ್ತರವೊಂದನ್ನು ಕೊಟ್ಟು ಮುಂದಿನ ಪುಟ ತಿರುವಿದೆ. ಅವನು ಕುಳಿತುಕೊಂಡ, ಆ ವರ್ಷವಿಡೀ ಮತ್ತೆ ಏನನ್ನೂ ಕೇಳಲಿಲ್ಲ. ನಾನು ಅವನ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದೆ, ಅವನನ್ನು ಕೇಳಿಸಿಕೊಂಡಿರಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇನೆ: ಜಾಗವಿದೆ, ಮತ್ತು ಆ ಜಾಗಕ್ಕಾಗಿ ನೀನು ನಿನ್ನ ದುಃಖವನ್ನು ಬಚ್ಚಿಡಬೇಕಾಗಿಲ್ಲ.

ನಂಬಿಕೆಯಿರುವ ಕಡೆ ಪ್ರಶ್ನೆಗೆ ಎಡೆಯಿಲ್ಲ ಎಂಬ ಭಯದಿಂದ ಬರುವ ವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಬೆಲ್ಜಿಯಂನ ಭೌತವಿಜ್ಞಾನಿ ಜಾರ್ಜ್ ಲಮೇತ್ರ್ ಅವರ ಕತೆ ಹೇಳುತ್ತೇನೆ. 1923ರಲ್ಲಿ ಗುರುದೀಕ್ಷೆ ಪಡೆದು ಪಾದ್ರಿಯಾದ ಅವರು, 1425ರಲ್ಲಿ ಸ್ಥಾಪನೆಯಾದ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶ್ವ ಹಿಗ್ಗುತ್ತಿದೆ ಎಂಬ ತಮ್ಮ ಲೇಖನವನ್ನು 1927ರಲ್ಲಿ ಪ್ರಕಟಿಸಿದಾಗ ಐನ್‌ಸ್ಟೈನ್ ಕೂಡ ಒಪ್ಪಿರಲಿಲ್ಲ. ನನಗೆ ಅವರಲ್ಲಿ ಹೆಚ್ಚು ಇಷ್ಟವಾಗುವುದು ಮುಂದಿನ ನಡೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಈ ಹೊಸ ವಿಶ್ವವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ, ಆ ಬೆಸುಗೆ ಲಮೇತ್ರ್ ಅವರಿಗೆ ಸರಿಕಾಣಲಿಲ್ಲ; ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಹೊರಗೇ ಇರುವಂಥದ್ದು ಎಂಬ ನಿಲುವನ್ನು ಅವರು ಬಿಡಲಿಲ್ಲ. ದಿನವೂ ಬಲಿಪೀಠದ ಮುಂದೆ ನಿಲ್ಲುತ್ತಿದ್ದ ಗುರುಗಳು ಅವರು. ನಂಬಿಕೆಗೆ ಅನುಕೂಲವಾಗುತ್ತದೆಂದು ಲೆಕ್ಕವನ್ನು ಬಗ್ಗಿಸುವ ಅಗತ್ಯ ಅವರಿಗೆ ಬೀಳಲಿಲ್ಲ.

ಪೋಪ್ ಎರಡನೆಯ ಜಾನ್ ಪಾಲ್ ಅವರು 1990ರ ಆಗಸ್ಟ್ 15ರಂದು ಕಥೋಲಿಕ ವಿಶ್ವವಿದ್ಯಾಲಯಗಳ ಕುರಿತು ಹೊರಡಿಸಿದ 'ಪ್ರೇಷಿತ ಸಂವಿಧಾನ' ಎಂಬ ಬಗೆಯ ಶಾಸನದ ಮೊದಲ ಮಾತು 'ಧರ್ಮಸಭೆಯ ಹೃದಯದಿಂದ' ಎಂದು. ಬೇರೆ ಧರ್ಮದವರೂ, ಯಾವ ಧರ್ಮಕ್ಕೂ ಸೇರದವರೂ ಈ ಸಮುದಾಯದ ಭಾಗವೆಂದು ಅದು ಒಪ್ಪುತ್ತದೆ. ಸಂಸ್ಥೆಯ ಕಥೋಲಿಕ ಗುರುತನ್ನು ಅವರು ಗೌರವಿಸಬೇಕೆಂದು ಹೇಳುವುದರ ಜೊತೆಗೇ, ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಸಂಸ್ಥೆ ಗೌರವಿಸಬೇಕೆಂದೂ ವಿಧಿಸುತ್ತದೆ. ಈ ಎರಡನೆಯ ಭಾಗವನ್ನು ನಮ್ಮವರೇ ಕೆಲವೊಮ್ಮೆ ಮರೆಯುತ್ತೇವೆ. ಹೊಸಬರಲ್ಲಿ ಯಾರಿಗಾದರೂ ಪೂಜೆಗೆ ಬರಲು ಮನಸ್ಸಿಲ್ಲದಿದ್ದರೆ, ಅದರಿಂದ ಅವರ ಮೇಲಿನ ನಮ್ಮ ಪ್ರೀತಿ ಕೂದಲೆಳೆಯಷ್ಟೂ ಕಡಿಮೆಯಾಗಬಾರದು.

ಸ್ವಾಗತ ಭಾಷಣಗಳಲ್ಲಿ ಹೆಸರು ಬಾರದವರು ಇದ್ದಾರೆ. ಶುಲ್ಕದ ಕೌಂಟರಿನಲ್ಲಿ ಒಂದೇ ಪ್ರಶ್ನೆಗೆ ನೂರನೆಯ ಸಲ ಉತ್ತರಿಸುವವರು, ಪ್ರಯೋಗಾಲಯದ ಗಾಜಿನ ಸಾಮಾನು ತೊಳೆದು ಒಣಗಿಸಿಡುವವರು, ರಾತ್ರಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಅಳುತ್ತ ಕುಳಿತ ಮಗುವನ್ನು ಮೊದಲು ಕಾಣುವ ಕಾವಲುಗಾರರು. ನಮ್ಮೆಲ್ಲರಿಗಿಂತ ಹೆಚ್ಚು ಕೇಳಿಸಿಕೊಳ್ಳುವವರು ಇವರೇ ಎಂದು ನನಗೆ ಅನೇಕ ಬಾರಿ ಅನ್ನಿಸಿದೆ.

ಈ ವರ್ಷದ ಬಲಿಪೂಜೆಗೆ ನಾನು ಎಂದಿನಂತೆ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಇರುತ್ತೇನೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ತಿಳಿಯದವರು ಅಲ್ಲಿಗೆ ಬನ್ನಿ. ಪಕ್ಕದ ಕುರ್ಚಿಯನ್ನು ಖಾಲಿ ಇಟ್ಟಿರುತ್ತೇನೆ.