ಚೆರ್ರಿ ಲಾಟ್‌ಗೆ ಬಿದ್ದ ಪಾರ್ಚ್‌ಮೆಂಟ್ ದರ

ಕಾಫಿ ಹರಾಜಿನಲ್ಲಿ, ಹಣ್ಣನ್ನು ಹಾಗೇ ಒಣಗಿಸಿದ ರೋಬಸ್ಟಾ ಚೆರ್ರಿಯ ಲಾಟ್‌ನ (ಒಟ್ಟಿಗೆ ಹರಾಜಿಗಿಟ್ಟ ಸರಕಿನ) ಮುಂದೆ, ತಿರುಳು ತೆಗೆದು ಒಣಗಿಸಿದ, ಅದಕ್ಕಿಂತ ದುಬಾರಿಯಾದ ಅರೇಬಿಕಾ ಪಾರ್ಚ್‌ಮೆಂಟ್‌ನ ದರ ಬಂದು ಕುಳಿತಿತ್ತು. ಚಿಕ್ಕಮಗಳೂರಿನ ನಮ್ಮ ಕಚೇರಿಯಲ್ಲಿ ಆನ್‌ಲೈನ್ ಹರಾಜಿನ ಪರದೆ ನೋಡುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. 50 ಕಿಲೋ ಚೀಲ ಚೆರ್ರಿಗೆ ಅಷ್ಟು ಕೊಡುವ ವ್ಯಾಪಾರಿ ಯಾರು? ಗಡಿಯಾರ ಓಡುತ್ತಲೇ ಇತ್ತು. ಅದನ್ನು ಮೀರಿ ಯಾರೂ ಸವಾಲು ಕೂಗಲಿಲ್ಲ, ಲಾಟ್ ಮುಗಿಯಿತು. ಬೆಳೆಗಾರರು ಸಂತೋಷದಿಂದ ಫೋನ್ ಮಾಡಿದರು. ಅದರ ಬೆನ್ನಿಗೇ ಮೂಡಿಗೆರೆ ಕಡೆಯ ವ್ಯಾಪಾರಿಯ ಕರೆ: "ನಾನು ಚೆರ್ರಿಗೆ ಕೂಗೇ ಇಲ್ಲವಲ್ಲ ಸಾರ್, ನನ್ನ ಹೆಸರು ಹೇಗೆ ಬಂತು?"

ಸರ್ವರ್‌ನ ದಾಖಲೆ (ಲಾಗ್) ತೆಗೆದು ನೋಡಿದೆವು. ಅವರು ಗುಂಡಿ ಒತ್ತಿದ್ದು ಹಿಂದಿನ ಲಾಟ್‌ಗೆ, ಅದೂ ಸಿಗ್ನಲ್ ಹೋಗಿದ್ದಾಗ. ಫೋನ್ ಮತ್ತು ಸರ್ವರ್ ನಡುವೆ ಸಂದೇಶ ಸಾಗಿಸಲು ನಾವು ಬಳಸುವ ಲೈಬ್ರರಿ ಸಾಕೆಟ್.ಐಒ. ಸಂಪರ್ಕವಿಲ್ಲದಾಗ ಎಮಿಟ್ ಮಾಡಿದ್ದನ್ನು, ಅಂದರೆ ಕಳಿಸಲು ಹೇಳಿದ್ದನ್ನು, ಫೋನಿನಲ್ಲಿರುವ ಅದರ ಕ್ಲೈಂಟ್ ಬಿಸಾಡುವುದಿಲ್ಲ. ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು, ಮತ್ತೆ ಕನೆಕ್ಟ್ ಆದೊಡನೆ ಕಳಿಸುತ್ತದೆ. ಚಾಟ್‌ಗೆ ಇದು ವರ. ಆದರೆ ನಮ್ಮ ಇವೆಂಟ್‌ನಲ್ಲಿ (ಫೋನ್ ಕಳಿಸುವ ಸಂದೇಶದಲ್ಲಿ) ದರವಿತ್ತು, ಲಾಟ್ ಸಂಖ್ಯೆ ಇರಲಿಲ್ಲ. ಹಾಗಾಗಿ ಸರ್ವರ್ ಅದನ್ನು ಆಗ ತೆರೆದಿದ್ದ ಲಾಟ್‌ಗೆ ಸೇರಿಸಿಬಿಟ್ಟಿತು. ಇಷ್ಟರ ನಡುವೆ ಅಡ್ಮಿನ್ ಪರದೆಯಲ್ಲಿ ಅವರ ಹೆಸರಿನ ಪಕ್ಕ, ಸಂಪರ್ಕದಲ್ಲಿದ್ದಾರೆ ಎನ್ನುವ ಹಸಿರು ಚುಕ್ಕೆ ಇದ್ದೇ ಇತ್ತು. ಸಂಪರ್ಕ ಇದೆಯೇ ಎಂದು ಸರ್ವರ್ ಕೇಳುವ ಪಿಂಗ್ 25 ಸೆಕೆಂಡಿಗೊಮ್ಮೆ, ಉತ್ತರಕ್ಕೆ ಕಾಯುವುದು 20 ಸೆಕೆಂಡು: ಡೀಫಾಲ್ಟ್ ಹಾಗೇ ಬಿಟ್ಟರೆ, ಸದ್ದಿಲ್ಲದೆ ಕಡಿದ ಸಂಪರ್ಕ ಸರ್ವರ್‌ಗೆ ತಿಳಿಯಲು 45 ಸೆಕೆಂಡಿನವರೆಗೂ ಹಿಡಿಯಬಹುದು. ಹರಾಜಿನಲ್ಲಿ ಅಷ್ಟು ಹೊತ್ತಿಗೆ ಒಂದು ಲಾಟ್ ಮುಗಿದೇ ಹೋಗಿರುತ್ತದೆ.

ಮ್ಯಾನೇಜ್‌ಮೆಂಟ್‌ನ ಪರಿಹಾರ: "ದೊಡ್ಡ ಸರ್ವರ್ ತೆಗೆದುಕೊಳ್ಳೋಣ." ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಟೆಸ್ಟಿಂಗ್ ಎಲ್ಲ ನಡೆದದ್ದು ಕಚೇರಿಯ ವೈಫೈನಲ್ಲಿ. ಘಟ್ಟದ ಕಡೆಯ ಕೊಟ್ಟಿಗೆಹಾರದವರೆಗೆ ಹೋಗಿ ಮೊಬೈಲ್‌ನಲ್ಲಿ ಒಮ್ಮೆ ನೋಡಿ ಬರೋಣ ಎಂದಾಗ ಗಾಡಿಯ ಖರ್ಚಿಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಆ ಲಾಟ್ ಮರುಹರಾಜಿಗೆ ಹೋಯಿತು. ಬೆಳೆಗಾರರ ಮನೆಯಲ್ಲಿ ಕುಳಿತು, ಬಂದ ದರ ನಿಮ್ಮದಲ್ಲ ಎಂದು ಹೇಳುವುದು ಮಾತ್ರ ನಮ್ಮ ತಂಡದ ಪಾಲಿಗೆ ಬಂತು.

ಈಗ ಪ್ರತಿ ಸವಾಲಿನ ಜೊತೆ ಲಾಟ್ ಸಂಖ್ಯೆ ಹೋಗುತ್ತದೆ. ಮುಚ್ಚಿದ ಲಾಟ್‌ನದ್ದನ್ನು ಸರ್ವರ್ ಒಪ್ಪುವುದಿಲ್ಲ. ಸರ್ವರ್‌ನಿಂದ ತಲುಪಿತು ಎಂಬ ಅಕ್ನಾಲೆಜ್‌ಮೆಂಟ್ ಬರುವವರೆಗೆ ವ್ಯಾಪಾರಿಯ ಪರದೆಯಲ್ಲಿ "ಕಳಿಸಲಾಗುತ್ತಿದೆ" ಎಂದೇ ಇರುತ್ತದೆ. 5 ಸೆಕೆಂಡಿನ ಟೈಮ್‌ಔಟ್ ಮೀರಿದರೆ "ತಲುಪಿಲ್ಲ" ಎಂದು ಕೆಂಪಾಗುತ್ತದೆ. ಆಗ ಬಫರ್‌ನಲ್ಲಿ ಉಳಿದಿದ್ದ ಸವಾಲನ್ನು ಲೈಬ್ರರಿಯೇ ತೆಗೆದುಹಾಕುತ್ತದೆ. ಮತ್ತೆ ಕನೆಕ್ಟ್ ಆದ ಫೋನ್ ಮೊದಲು ಕೇಳುವುದು ಯಾವ ಲಾಟ್ ನಡೆಯುತ್ತಿದೆ ಎಂದು.

ಎರಡನೇ ಸರ್ವರ್ ಹೇಗೂ ಬರುತ್ತಿದೆ. ಸರ್ವರ್‌ಗಳ ನಡುವೆ ಸಂದೇಶ ಹಂಚುವ ರೆಡಿಸ್ ಅಡಾಪ್ಟರ್ ಹಾಕಿದರೂ, ಪೋಲಿಂಗ್‌ಗೆ (ಫೋನ್ ಮತ್ತೆ ಮತ್ತೆ ಸರ್ವರ್ ಅನ್ನು ಕೇಳುವ ವಿಧಾನಕ್ಕೆ) ಸ್ಟಿಕಿ ಸೆಷನ್, ಅಂದರೆ ಒಂದು ಫೋನಿನ ಕೋರಿಕೆಗಳೆಲ್ಲ ಒಂದೇ ಸರ್ವರ್‌ಗೆ ಹೋಗುವ ವ್ಯವಸ್ಥೆ, ಬೇಕೇ ಬೇಕು. ಅದನ್ನು ಬರೆದು ಕೊಟ್ಟಿದ್ದೇನೆ. ಕೊಟ್ಟಿಗೆಹಾರದ ಗಾಡಿ ಖರ್ಚನ್ನೂ ಅದೇ ಹಾಳೆಯಲ್ಲಿ ಸೇರಿಸಿದ್ದೇನೆ.