ಎರಡು ದಿನಗಳ ಅಂತರ

ಇಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ, ಸೇನೆಯಿಂದ ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರು, ಗೆಲ್ಲುವ ನಂಬಿಕೆಯೇ ಇಲ್ಲದ ಯುದ್ಧಕ್ಕೆ ಇನ್ನಷ್ಟು ಪಡೆಗಳನ್ನು ಏಕೆ ಕಳುಹಿಸುತ್ತಾರೆ ಎಂದು ಕೇಳಿದರು. ನನಗೆ ನೆನಪಾದದ್ದು ವಿಯೆಟ್ನಾಂ.

ಈ ಯುದ್ಧ ಹೋರಾಡಲು ಯೋಗ್ಯವೆಂದು ತಮಗೆ ಅನ್ನಿಸುವುದಿಲ್ಲ, ಆದರೆ ಹೊರಬರುವ ದಾರಿಯೂ ಕಾಣುತ್ತಿಲ್ಲ ಎಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಮೇ ತಿಂಗಳಲ್ಲಿಯೇ ತಮ್ಮ ಸಲಹೆಗಾರರಿಗೆ ಫೋನಿನಲ್ಲಿ ಹೇಳಿದ್ದರು. ಆ ಮಾತಿನ ಧ್ವನಿಮುದ್ರಣ ಇಂದಿಗೂ ಇದೆ. ಹಾಗಿದ್ದೂ 1965ರ ಜುಲೈ 28ರಂದು ಪಡೆಯ ಬಲವನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಅದಾದ ಎರಡೇ ದಿನಕ್ಕೆ, ವೃದ್ಧರಿಗೆ ಆರೋಗ್ಯ ವಿಮೆ ನೀಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ವಿಯೆಟ್ನಾಮನ್ನು ಕೈಬಿಟ್ಟರೆ ಕಮ್ಯುನಿಸ್ಟರಿಗೆ ಮಣಿದವರೆಂಬ ಆರೋಪ ಹೊತ್ತು, ತಾವು ಬಯಸಿದ ಸುಧಾರಣೆಗಳೆಲ್ಲ ಶಾಸನಸಭೆಯಲ್ಲಿ ಮುಗ್ಗರಿಸುತ್ತವೆ ಎಂಬ ಭಯ ಅವರನ್ನು ಕಾಡುತ್ತಿತ್ತು. ಮೆಡಿಕೇರ್ ಒಳ್ಳೆಯ ಕಾಯ್ದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಂಥ ಕಾಯ್ದೆಗಳ ಭದ್ರತೆಗಾಗಿ, ತಾವೇ ನಂಬದ ಯುದ್ಧಕ್ಕೆ ಇಪ್ಪತ್ತರ ಹರೆಯದ ಹುಡುಗರನ್ನು ಕಳುಹಿಸಿದ್ದನ್ನು ನನ್ನ ಮನಸ್ಸು ಕ್ಷಮಿಸುವುದಿಲ್ಲ. 1968ರಲ್ಲಿ, ಅಮೆರಿಕದ ಬೀದಿ ಬೀದಿಗಳಲ್ಲಿ ಯುದ್ಧಕ್ಕೆ ವಿರೋಧ ಭುಗಿಲೆದ್ದಿದ್ದಾಗ, ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ 5 ಲಕ್ಷ ದಾಟಿತ್ತು.

ಹಿರಿಯರು ಮನೆಯ ಗೇಟಿನವರೆಗೂ ಮಾತನಾಡಲಿಲ್ಲ.